ಐದು ಮಕ್ಕಳು, ತೇರ್ಸಿನಲ್ಲಿ ತೂಕಡಿಕೆ

ಪ್ರಶ್ನೆ: ನಾನು ಉಡುಪಿ ತಾಲೂಕಿನವಳು. ವಯಸ್ಸು 37. ಐದು ಮಕ್ಕಳು. ದೊಡ್ಡವಳಿಗೆ 14 ವರ್ಷ, ಕೊನೆಯವನಿಗೆ ಹತ್ತು ತಿಂಗಳು. ಗಂಡ ಕುವೈತಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಅತ್ತೆ ನಮ್ಮ ಜೊತೆಗಿದ್ದಾರೆ, ಅವರಿಗೆ ಮೊಣಕಾಲು ನೋವು. ಮೊದಲು ನನಗೆ ಪ್ರಾರ್ಥನೆ ಅಂದರೆ ತುಂಬ ಇಷ್ಟ. ಈಗ ರಾತ್ರಿ ತೇರ್ಸಿಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಕೂತರೆ ಅದರ ಐದು ಭಾಗಗಳಲ್ಲಿ ಎರಡನೇ ರಹಸ್ಯ ಮುಗಿಯುವಷ್ಟರಲ್ಲಿ ತೂಕಡಿಕೆ. ಭಾನುವಾರ ಚರ್ಚಿನ ಪೂಜೆಯಲ್ಲಿ ಮಗುವನ್ನು ಎತ್ತಿಕೊಂಡು ಹೊರಗೇ ನಿಂತಿರುತ್ತೇನೆ, ಫಾದರ್ ಹೇಳುವ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಮಕ್ಕಳ ಮೇಲೆ ಕೂಗಾಡುತ್ತೇನೆ, ಆಮೇಲೆ ಅಳುತ್ತೇನೆ. 'ದೇವರ ಮೇಲೆ ಭಾರ ಹಾಕು, ಶಕ್ತಿ ಕೊಡ್ತಾನೆ' ಅನ್ನುತ್ತಾಳೆ ನಾದಿನಿ. ಭಾರ ಹಾಕಿದ್ದೇನೆ, ಶಕ್ತಿ ಬಂದಿಲ್ಲ. ನನ್ನ ವಿಶ್ವಾಸವೇ ಕಡಿಮೆಯಾ? ಇನ್ನೊಂದು ಮಗು ಆದರೂ ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತಾರೆ ಅತ್ತೆ. ನನಗೆ ಹೆದರಿಕೆಯಾಗುತ್ತದೆ. ಹೆದರುವುದು ಪಾಪವಾ?

ಉತ್ತರ: ತಂಗಿ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಹೆದರುವುದು ಪಾಪವಲ್ಲ. ತೂಕಡಿಸುವುದೂ ಪಾಪವಲ್ಲ. ಇನ್ನು ಉಳಿದದ್ದನ್ನು ಸಾವಕಾಶ ಮಾತಾಡುವ.

ನಾನು ಮಂಗಳೂರಿನಲ್ಲಿ 31 ವರ್ಷ ನರ್ಸ್ ಆಗಿದ್ದವಳು, ಹೆಚ್ಚಿನ ಕಾಲ ಹೆರಿಗೆ ವಾರ್ಡಿನಲ್ಲಿ. ಈಗ ಕುಟುಂಬಗಳಿಗೆ ಆಪ್ತಸಲಹೆ ಕೊಡುತ್ತೇನೆ. ನಾಲ್ಕು ಮಕ್ಕಳನ್ನು ಬೆಳೆಸಿದ್ದೇನೆ. ಹುಟ್ಟಿದ್ದು ಎಂಟು ಮಕ್ಕಳ ಮನೆಯಲ್ಲಿ, ಐದನೆಯವಳಾಗಿ. ಹಾಗಾಗಿ ನಿಮ್ಮ ಪತ್ರವನ್ನು ನನ್ನೊಳಗಿನ ನರ್ಸ್, ತಾಯಿ, ಐದನೇ ಮಗಳು ಮೂವರೂ ಒಟ್ಟಿಗೆ ಓದಿದರು. ಮೊದಲು ನಾನೇ ಮಾತಾಡಬೇಕು ಅಂತ ಹಟ ಹಿಡಿದದ್ದು ನರ್ಸ್.

ಐದನೇ ಹೆರಿಗೆಯಾಗಿ ಹತ್ತು ತಿಂಗಳಾಗಿದೆ. ರಕ್ತ ಪರೀಕ್ಷೆ ಮಾಡಿಸಿ ಎಷ್ಟು ಸಮಯವಾಯಿತು? ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ ಅನ್ನುತ್ತೇವೆ. 8, 9 ಇಟ್ಟುಕೊಂಡು ಇಡೀ ಮನೆ ಕೆಲಸ ಮಾಡುವವರನ್ನು ನಾನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂತಲ್ಲೇ ನಿದ್ದೆ, ಸಣ್ಣ ವಿಷಯಕ್ಕೂ ಸಿಟ್ಟು. ಒಬ್ಬರು ವಾರ್ಡಿನಲ್ಲಿ ನನ್ನ ಕೈ ಹಿಡಿದುಕೊಂಡು 'ಸಿಸ್ಟರ್, ನನ್ನ ವಿಶ್ವಾಸ ಬತ್ತಿ ಹೋಗಿದೆ' ಅಂತ ಅತ್ತರು. ರಿಪೋರ್ಟ್ ಬಂದಾಗ ನೋಡಿದರೆ 7.4. ಬತ್ತಿದ್ದು ರಕ್ತ, ಮಾರಾಯ್ತಿ!

ಈ ವಾರವೇ ಹತ್ತಿರದ ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಹೋಗಿ. ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಕೂಡ ನೋಡಲು ಹೇಳಿ, ಬಾಣಂತನದ ನಂತರದ ವರ್ಷದಲ್ಲಿ ಅದು ಏರುಪೇರಾಗುವುದುಂಟು. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ. ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮಾತ್ರೆಗೂ ಚಹಾಕ್ಕೂ ಒಂದೆರಡು ಗಂಟೆ ಅಂತರ ಇರಲಿ, ಜೊತೆಗೆ ಲಿಂಬೆ ಶರಬತ್ತು ಕುಡಿದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡುವವರೇ ಜಾಸ್ತಿ. ಬಿಡಬೇಡಿ.

ಇನ್ನೊಂದು. ಅಳು ದಿನಾ ಬರುತ್ತಿದ್ದರೆ, ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸೇ ಇಲ್ಲದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಅದನ್ನೂ ಡಾಕ್ಟರರಿಗೆ ಬಾಯಿಬಿಟ್ಟು ಹೇಳಿ. ಸತ್ತು ಹೋಗಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಟೆಲಿ ಮನಸ್ ಎಂಬ ಸರಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಪ್ರಾರ್ಥನೆಯ ಎದುರು ಇಟ್ಟು ತೂಗುವುದು ಬೇಡ. ಕೈ ಮುರಿದರೆ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತೇವೆ ಅಲ್ವಾ, ಹಾಗೆ.

ಈಗ ನಿಮ್ಮ ನಾದಿನಿಯ ಮಾತಿಗೆ ಬರುತ್ತೇನೆ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ 'ಶಕ್ತಿ ಕೊಡ್ತಾನೆ' ಅಂದ ಕೂಡಲೇ ನಾವು ಕಾಯುವುದು ಒಂದು ತರದ ಶಕ್ತಿಗೆ ಮಾತ್ರ. ಕಣ್ಣು ಮುಚ್ಚಿ ಪ್ರಾರ್ಥಿಸಿದರೆ ಎದೆಯೊಳಗೆ ಏನೋ ತುಂಬಿಕೊಂಡು, ಎದ್ದು ಪಾತ್ರೆ ತೊಳೆಯುವಂಥ ಶಕ್ತಿ. ಅದು ಬಂದರೆ ಬಹಳ ಸಂತೋಷ. ಬೈಬಲಿನಲ್ಲಿ ಬಳಲಿದವರಿಗೆ ದೇವರು ಕೊಟ್ಟದ್ದನ್ನು ಸ್ವಲ್ಪ ನೋಡಿ.

ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು 'ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೊ' ಅನ್ನುತ್ತಾನೆ. ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿದೆ. ಹಾಗೆ ಹೇಳಿ ಮಲಗಿಬಿಡುತ್ತಾನೆ. ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ಏನು ಹೇಳಿದ? 'ವಿಶ್ವಾಸ ಎಲ್ಲಿ ಹೋಯಿತು?' ಅಂತ ಕೇಳಲಿಲ್ಲ. 'ಎದ್ದು ಊಟ ಮಾಡು' ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಎಲೀಯ ತಿಂದ, ಕುಡಿದ, ತಿರುಗಿ ಮಲಗಿದ. ದೇವದೂತ ಸುಮ್ನೆ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿದಾಗಲೂ ಊಟವೇ. 'ನೀನು ನಡೆಯಬೇಕಾದ ದಾರಿ ಬಹಳ ದೂರ ಉಂಟು' ಅಂದ. ಬೆಟ್ಟ, ಗಾಳಿ, ಭೂಕಂಪ, ಆ ಮೆಲ್ಲಗಿನ ದನಿ ಎಲ್ಲ ಆಮೇಲೆ. ಮೊದಲು ಎರಡು ಊಟ, ಎರಡು ನಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ ಇದನ್ನು ಓದಿ ನಾನು ನಕ್ಕಿದ್ದೆ. ಅದಕ್ಕೂ ಮೊದಲು ಎಷ್ಟೋ ಸಲ ಓದಿದ್ದೆ, ರೊಟ್ಟಿ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗೆಯೇ 127ನೇ ಕೀರ್ತನೆ. ಮಕ್ಕಳು ಜಾಸ್ತಿ ಇರುವವರಿಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಮಕ್ಕಳು ದೇವರು ಕೊಟ್ಟ ಸ್ವತ್ತು, ಯೋಧನ ಕೈಯಲ್ಲಿರುವ ಬಾಣಗಳ ಹಾಗೆ, ಬತ್ತಳಿಕೆ ತುಂಬಿದವನು ಧನ್ಯ. ನಿಮ್ಮ ಮದುವೆಯಲ್ಲೂ ಯಾರಾದರೂ ಓದಿರಬಹುದು. ಇದರ ಮೇಲಿನದೇ ವಚನ ಯಾರ ಬಾಯಲ್ಲೂ ಬರುವುದಿಲ್ಲ. ನಸುಕಿಗೇ ಎದ್ದು, ತಡರಾತ್ರಿಯ ತನಕ ಕೂತು, ಮೈ ಮುರಿದು ದುಡಿದು ತಿನ್ನುವುದು ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಅಂತ ಅಲ್ಲಿದೆ. ಒಂದೇ ಕೀರ್ತನೆಯಲ್ಲಿ ಮೊದಲು ನಿದ್ದೆ, ಆಮೇಲೆ ಮಕ್ಕಳು. ಅತ್ತೆಯವರಿಗೆ ಎರಡೂ ವಚನ ಓದಿ ಹೇಳಿ!

ನಮ್ಮ ಅಮ್ಮನೂ ತೇರ್ಸಿನಲ್ಲಿ ತೂಕಡಿಸುತ್ತಿದ್ದಳು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಬಂದು, ಮಿಂದು, ಮನೆಯ ಅಲ್ತಾರಿನ (ದೇವರ ಪೀಠದ) ದೀಪ ಹಚ್ಚಿ ತೇರ್ಸ್ ಶುರು ಮಾಡುತ್ತಿದ್ದರು. ಅಮ್ಮ ಗೋಡೆಗೆ ಒರಗಿ ಕೂರುತ್ತಿದ್ದಳು, ಮಡಿಲಲ್ಲಿ ಯಾವುದಾದರೂ ಒಂದು ಮಗು. ಮೂರನೇ ರಹಸ್ಯಕ್ಕೆ ಅವಳ ತಲೆ ಒಂದು ಕಡೆಗೆ ವಾಲುತ್ತಿತ್ತು. ಮಣಿ ಮಾತ್ರ ಬೆರಳ ನಡುವೆ ಹಾಗೇ. ಆಗ ಅಪ್ಪ ದನಿ ತಗ್ಗಿಸುತ್ತಿದ್ದರು. ನಾವೂ ತಗ್ಗಿಸುತ್ತಿದ್ದೆವು. ಕೊನೆಯಲ್ಲಿ ನಾವು ಸಾಲಾಗಿ ಬೆಸಾಂವ್ (ಆಶೀರ್ವಾದ) ಕೇಳಲು ಹೋದಾಗ ಅವಳು ಕಣ್ಣು ತೆರೆಯದೆ ಕೈ ಎತ್ತುತ್ತಿದ್ದಳು. ಅಮ್ಮನಿಗೆ ಭಕ್ತಿ ಕಡಿಮೆ ಅಂತ ನಮ್ಮಲ್ಲಿ ಒಬ್ಬರಿಗೂ ಅನಿಸಿದ್ದಿಲ್ಲ.

ಆದರೆ ನಿಮಗೆ ಒಂದು ಬದಲಾವಣೆ ಹೇಳುತ್ತೇನೆ. ತೇರ್ಸನ್ನು ಊಟದ ನಂತರಕ್ಕೆ ಇಡಬೇಡಿ. ಸಂಜೆ ಏಳಕ್ಕೆ, ಚಿಕ್ಕವರೂ ಎಚ್ಚರ ಇರುವಾಗ, ಒಂದೇ ರಹಸ್ಯ ಹೇಳಿ. ಹತ್ತು ನಮಾನ್ ಮರಿಯೆ ಪ್ರಾರ್ಥನೆ, ಐದು ನಿಮಿಷ. ಐದು ರಹಸ್ಯ, ಲದಿನ್ (ಮಾತೆ ಮರಿಯಳ ಸ್ತುತಿಮಾಲೆ), ಮೂರು ಗೀತೆ ಎಲ್ಲ ಬೇಕು ಅನ್ನುವವರು ಆಮೇಲೆ ಮುಂದುವರಿಸಲಿ. ಅತ್ತೆಯವರಿಗೆ ಸಮಯ ಉಂಟು, ಮಣಿಸರ ಅವರ ಕೈಗೆ ಕೊಡಿ. ಮೊಣಕಾಲು ನೋವಿರುವ ಅಜ್ಜಿಗೆ ಮನೆಯಲ್ಲಿ ಒಂದು ಅಧಿಕಾರ ಸಿಕ್ಕಿದ ಹಾಗೂ ಆಯಿತು. ದಿನಾ ತೇರ್ಸ್ ಹೇಳುವುದು ನಮ್ಮ ಊರಿನ ಒಳ್ಳೆಯ ರೂಢಿ, ನನಗೂ ಪ್ರೀತಿ. ಅದು ಕಟ್ಟಳೆಯಲ್ಲ.

ಭಾನುವಾರದ ಪೂಜೆ ಕಟ್ಟಳೆಯೇ. ಅಲ್ಲೂ ಧರ್ಮಸಭೆ ತಾಯಂದಿರನ್ನು ಮರೆತಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2181ನೇ ಪರಿಚ್ಛೇದ ತೆಗೆದು ನೋಡಿ. ಗಂಭೀರ ಕಾರಣವಿದ್ದರೆ ವಿನಾಯಿತಿ ಉಂಟು ಅಂತ ಹೇಳಿ ಎರಡು ಉದಾಹರಣೆ ಕೊಡುತ್ತದೆ. ಒಂದು ಕಾಯಿಲೆ, ಇನ್ನೊಂದು ಹಸುಗೂಸಿನ ಆರೈಕೆ. ಹಾಗಿರುವಾಗ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ನಿಂತೇ ಪೂಜೆ ಮುಗಿಸುವ ನೀವು ತಪ್ಪಿತಸ್ಥೆಯ ಹಾಗೆ ತಲೆ ತಗ್ಗಿಸುವುದು ಯಾಕೆ?

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಭಾನುವಾರ ಪೂಜೆ ಮುಗಿಸಿ ರಿಕ್ಷಾದಲ್ಲಿ ಮನೆಗೆ ಬಂದೆವು. ನಾನು ರಾತ್ರಿ ಪಾಳಿ ಮಾಡಿ ಸೀದಾ ಚರ್ಚಿಗೆ ಹೋದವಳು. ಹಿಂದಿನ ದಿನ ಅರೆದಿಟ್ಟ ಹಿಟ್ಟಲ್ಲಿ ಸಾನ್ನಾಂ ಬೇಯಿಸಿ ಬಡಿಸಲು ತಟ್ಟೆ ಇಟ್ಟೆ. ಒಂದು ತಟ್ಟೆ ಉಳಿಯಿತು. ಮೂರನೆಯವನು ಇಲ್ಲ! ಆರು ವರ್ಷದ ಹುಡುಗ. ಗಂಡ ನನ್ನ ಜೊತೆ ಇದ್ದಾನೆ ಅಂದುಕೊಂಡರು, ನಾನು ಅವರ ಜೊತೆ ಅಂದುಕೊಂಡೆ. ಓಡಿ ಹೋಗಿ ನೋಡಿದರೆ ಚರ್ಚಿನ ಮೆಟ್ಟಿಲಲ್ಲಿ ಕೂತು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರ ಹೆಂಡತಿ ಕೊಟ್ಟ ಬಾಳೆಹಣ್ಣು ತಿನ್ನುತ್ತಿದ್ದ. ನಾನು ಮೂರು ದಿನ ಅತ್ತೆ. ಪಾಪನಿವೇದನೆಯಲ್ಲೂ ಹೇಳಿದೆ. ವಯಸ್ಸಾದ ಫಾದರ್ ನಕ್ಕು, 'ಮಾತೆ ಮರಿಯ, ಜೋಸೆಫರು ಒಂದು ದಿನದ ದಾರಿ ನಡೆದ ಮೇಲೆ ಅಲ್ವಾ ಮಗ ಇಲ್ಲ ಅಂತ ಗೊತ್ತಾದದ್ದು? ಅವರದ್ದು ಒಂದೇ ಮಗು' ಅಂದರು. ಲೂಕನ ಶುಭಸಂದೇಶದ ಎರಡನೇ ಅಧ್ಯಾಯ, ಬಾಲ ಯೇಸುವಿನ ಕಥೆ. ನೆಂಟರ ಗುಂಪಿನಲ್ಲಿ ಎಲ್ಲೋ ಇದ್ದಾನೆ ಅಂದುಕೊಂಡಿದ್ದರಂತೆ.

ಆ 'ನೆಂಟರ ಗುಂಪು' ನನ್ನ ಮನಸ್ಸಿನಲ್ಲಿ ಉಳಿಯಿತು. ಮಗ ಎಲ್ಲೋ ಇದ್ದಾನೆ, ಯಾರೋ ನೋಡಿಕೊಳ್ಳುತ್ತಾರೆ ಅಂತ ನಂಬುವಷ್ಟು ಜನ ಅವರಿಗಿದ್ದರು. ನಿಮಗೆ ಇಲ್ಲದ್ದು ಅದು. 'ನಮ್ಮ ಕಾಲದಲ್ಲಿ ಎಂಟು ಹೆತ್ತರೂ ಯಾರೂ ಹೀಗೆ ಅಳುತ್ತಿರಲಿಲ್ಲ' ಅಂತ ಹಿರಿಯರು ಹೇಳುತ್ತಾರೆ. ಅಳುತ್ತಿದ್ದರು, ಬಚ್ಚಲಲ್ಲಿ. ಅದಿರಲಿ. ನಮ್ಮ ಮನೆಯಲ್ಲಿ ಎಂಟು ಮಕ್ಕಳಿಗೆ ಅಜ್ಜಿ ಇದ್ದಳು, ಮದುವೆಯಾಗದ ಅತ್ತೆ ಇದ್ದಳು, ಬೇಲಿಯಾಚೆ ದೊಡ್ಡಮ್ಮ ಇದ್ದಳು. ಅಮ್ಮ ಹೆತ್ತ ಮೇಲೆ ನಲವತ್ತು ದಿನ ನೀರಿಗೂ ಕೈ ಹಾಕಿದವಳಲ್ಲ. ಇವತ್ತು ನೀವು ಒಬ್ಬರೇ. ಗಂಡ ಕಡಲಾಚೆ. ಅತ್ತೆಗೂ ನೀವೇ ಬಿಸಿನೀರು ಕಾಯಿಸಬೇಕು. ಇಷ್ಟು ಜನ ಹೊರುತ್ತಿದ್ದ ಹೊರೆಯನ್ನು ಒಬ್ಬಳ ತಲೆಗೆ ಇಟ್ಟು, ಹೊರಲಾಗದಿದ್ದರೆ ವಿಶ್ವಾಸ ಕಡಿಮೆ ಅನ್ನುವುದು ಯಾವ ನ್ಯಾಯ?

ಇಸ್ರಾಯೇಲ್ ಜನರನ್ನು ಮುನ್ನಡೆಸಿದ ಮೋಶೆಗೂ ಹೀಗೇ ಆಗಿತ್ತು. ಬೈಬಲಿನ ಸಂಖ್ಯಾಕಾಂಡದ 11ನೇ ಅಧ್ಯಾಯದಲ್ಲಿ ದೇವರೊಡನೆ ಜಗಳಕ್ಕೇ ನಿಲ್ಲುತ್ತಾನೆ. 'ಈ ಜನರನ್ನೆಲ್ಲ ನಾನು ಹೆತ್ತೆನಾ? ಮೊಲೆಗೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಹೋಗು ಅನ್ನುತ್ತೀಯಲ್ಲ! ನನ್ನೊಬ್ಬನಿಂದ ಆಗುವುದಿಲ್ಲ, ಇದಕ್ಕಿಂತ ಕೊಂದುಬಿಡು' ಅಂತ. ದೇವರು ಬೈಯಲಿಲ್ಲ. ಮೋಶೆಯ ತೋಳಿಗೆ ಹೊಸ ಬಲ ಕೊಡಲೂ ಇಲ್ಲ. 70 ಜನ ಹಿರಿಯರನ್ನು ಕರೆದುಕೊಂಡು ಬಾ, ಅವರು ನಿನ್ನ ಜೊತೆ ಭಾರ ಹೊರುತ್ತಾರೆ ಅಂದ. ನೀವು ಕೇಳಿದ ಶಕ್ತಿ ಇದೇ ತರ, ಬೇರೆಯವರ ಕೈಯ ರೂಪದಲ್ಲಿ ಬರುವುದೇ ಜಾಸ್ತಿ. ಆದರೆ ಆ ಕೈಗಳು ತಾವಾಗಿ ಬರುವುದಿಲ್ಲ. ಮೋಶೆಗೂ 'ನೀನೇ ಕರೆದುಕೊಂಡು ಬಾ' ಅಂತಲೇ ಹೇಳಿದ್ದು.

ನಿಮ್ಮ ವಾಳೆಯ ಗುರಿಕಾರರಿಗೆ ಹೇಳಿ. ಸ್ತ್ರೀ ಸಂಘಟನೆಯವರಿಗೆ ಹೇಳಿ. 'ಕಷ್ಟದಲ್ಲಿದ್ದೇನೆ, ಪ್ರಾರ್ಥನೆ ಮಾಡಿ' ಅಂದರೆ ಅವರು ಪ್ರಾರ್ಥನೆ ಮಾಡಿಯೇ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಬೇಕಾದ್ದನ್ನು ಬಿಡಿಸಿ ಹೇಳಿ. 'ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕು ಮಗುವನ್ನು ಯಾರಾದರೂ ನೋಡಿಕೊಳ್ಳಬಹುದಾ? ನನಗೆ ನಿದ್ದೆ ಮಾಡಬೇಕು.' ಇಷ್ಟೇ. ನಾಚಿಕೆಯಾಗುತ್ತದೆ, ಗೊತ್ತು. ನಮ್ಮ ಕಡೆ ಹೆಂಗಸರು ಸಾಲ ಬೇಕಾದರೂ ಕೇಳಿಯಾರು, ಎರಡು ಗಂಟೆಯ ನಿದ್ದೆ ಕೇಳುವುದಿಲ್ಲ.

ನಾಚಿಕೆಯಾದರೆ ಜೆಲಿ ಮಾರ್ಟಿನ್‌ರನ್ನು ನೆನಪಿಸಿಕೊಳ್ಳಿ. ಲಿಸ್ಯೂವಿನ ಸಂತ ತೆರೇಸರ (ಮದರ್ ತೆರೇಸಾ ಅಲ್ಲ) ತಾಯಿ, ಫ್ರಾನ್ಸಿನವರು. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ಕನ್ನು ಕಳೆದುಕೊಂಡರು. ಜೊತೆಗೆ ಲೇಸ್ ಹೆಣೆಯಿಸುವ ವ್ಯಾಪಾರ ಬೇರೆ. 1873ರಲ್ಲಿ ಕೊನೆಯ ಮಗು ತೆರೇಸ ಹುಟ್ಟಿದಾಗ ಹಾಲೂಡಿಸಲು ಆಗಲಿಲ್ಲ. ಮಗುವನ್ನು ಹಳ್ಳಿಯ ಒಬ್ಬ ಹೆಂಗಸಿನ ಮನೆಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಬಿಟ್ಟಿದ್ದರು. ಆ ಜೆಲಿ ಮತ್ತು ಗಂಡ ಲೂಯಿ ಇಬ್ಬರನ್ನೂ 2015ರಲ್ಲಿ ಪೋಪ್ ಫ್ರಾನ್ಸಿಸ್ ಒಟ್ಟಿಗೆ ಸಂತರೆಂದು ಸಾರಿದರು. ನೀವು ಎರಡು ಗಂಟೆ ಪಕ್ಕದ ಮನೆಗೆ ಬಿಟ್ಟರೆ ಏನೂ ಆಗುವುದಿಲ್ಲ.

ಕೈಗಳು ಅಂದಾಗ ಒಂದು ಎಚ್ಚರಿಕೆ. ಇದನ್ನು ಐದನೇ ಮಗಳಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಅಕ್ಕನನ್ನು ನೋಡಿ ಬೆಳೆದವಳು ನಾನು. ನಿಮ್ಮ ದೊಡ್ಡ ಮಗಳಿಗೆ 14. ಪತ್ರದಲ್ಲಿ ಅವಳ ಬಗ್ಗೆ ವಯಸ್ಸು ಬಿಟ್ಟರೆ ಬೇರೇನೂ ಇಲ್ಲ. ಅವಳು ಸೊಂಟದಲ್ಲಿ ತಮ್ಮನನ್ನು ಕೂರಿಸಿಕೊಂಡೇ ಓದುತ್ತಿದ್ದಾಳೆ ಅಂತ ನನ್ನ ಊಹೆ. ಸಹಾಯ ಮಾಡಲಿ, ಮಾಡಬೇಕು. ಗಂಡು ಮಕ್ಕಳೂ ಮಾಡಬೇಕು. ಹನ್ನೊಂದರ ಹುಡುಗ ಬಟ್ಟೆ ಒಣಗಿಸಬಹುದು, ಗಂಜಿ ಬಸಿಯುವುದನ್ನು ಬಿಟ್ಟು ಎಲ್ಲ ಮಾಡಬಹುದು. ಆದರೆ ಅವಳನ್ನು ಎರಡನೇ ಅಮ್ಮ ಮಾಡಬೇಡಿ. ನಮ್ಮ ಅಕ್ಕ ಎಂಟನೇ ತರಗತಿಗೆ ಶಾಲೆ ಬಿಟ್ಟು ನಮ್ಮನ್ನು ಸಾಕಿದಳು. ಎಲ್ಲರೂ ಅವಳನ್ನು ಹೊಗಳಿದರು. ಅರವತ್ತು ದಾಟಿದ ಮೇಲೆ ಒಂದು ಮೊಂತಿ ಹಬ್ಬದ (ಮಾತೆ ಮರಿಯಳ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ) ದಿನ, ಹೊಸ ಭತ್ತದ ಕಾಳು ಸುಲಿಯುತ್ತಾ ಕೂತಿದ್ದಾಗ, 'ನನಗೆ ಚರ್ಚಿನಲ್ಲಿ ಮಾತೆಗೆ ಹೂ ಹಾಕಲು ಹೋಗಬೇಕು ಅಂತ ಇತ್ತು, ಬುಟ್ಟಿ ಹಿಡಿದುಕೊಂಡು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ನಿಮ್ಮನ್ನೇ ಹೊರಡಿಸಿ ಕಳಿಸಿದೆ' ಅಂದಳು. ಸುಮ್ನೆ ಹೇಳಿದ್ದು, ದೂರು ಅಂತಲ್ಲ. ನನಗೆ ಆ ವರ್ಷದ ಹೊಸ ಅಕ್ಕಿಯ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಇದಕ್ಕೊಂದು ದಾರಿ ನಮ್ಮ ಪಂಗಡದವರಲ್ಲದ ಒಬ್ಬ ತಾಯಿಯಿಂದ ಕಲಿಯಬಹುದು. ಸುಸಾನಾ ವೆಸ್ಲಿ, ಇಂಗ್ಲೆಂಡಿನ ಪಾದ್ರಿಯ ಹೆಂಡತಿ. ಹೆತ್ತದ್ದು 19, ಉಳಿದದ್ದು ಸುಮಾರು ಅರ್ಧ. ಮೆಥೋಡಿಸ್ಟ್ ಪಂಗಡ ಕಟ್ಟಿದ ಜಾನ್ ವೆಸ್ಲಿ ಇವರ ಮಗ. 1712ರಲ್ಲಿ ಗಂಡ ತಿಂಗಳುಗಟ್ಟಲೆ ಲಂಡನ್ನಿನಲ್ಲಿದ್ದಾಗ ಬರೆದ ಪತ್ರದಲ್ಲಿ ತಾನು ಏನು ಮಾಡುತ್ತೇನೆ ಅಂತ ಹೇಳಿದ್ದಾರೆ. ಸೋಮವಾರ ಸಂಜೆ ಒಬ್ಬಳ ಜೊತೆ ಮಾತು, ಮಂಗಳವಾರ ಇನ್ನೊಬ್ಬಳು, ಗುರುವಾರ ಜಾನ್, ಶನಿವಾರ ಚಾರ್ಲ್ಸ್, ಭಾನುವಾರ ದೊಡ್ಡ ಹುಡುಗಿಯರಿಬ್ಬರು. ಎಂಟು ಮಕ್ಕಳಿಗೂ ಪಾಳಿ! ಆಕೆ ಪ್ರಾರ್ಥನೆಗೆ ಜಾಗ ಸಿಗದೆ ಅಡುಗೆಯ ಏಪ್ರನ್ ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದರು, ಆಗ ಮಕ್ಕಳು ತೊಂದರೆ ಕೊಡಬಾರದು ಅಂತ ಕಟ್ಟಳೆ ಇತ್ತು ಅಂತಲೂ ಹೇಳುತ್ತಾರೆ. ನಿಮ್ಮ ನಾಲ್ಕು ದೊಡ್ಡವರಿಗೆ ವಾರಕ್ಕೆ ಹದಿನೈದು ನಿಮಿಷದ ಹಾಗೆ ಪಾಳಿ ಹಾಕಿ. ದೊಡ್ಡವಳಿಂದಲೇ ಶುರುವಾಗಲಿ. ಪಾಠದ ಮಾತು ಬೇಡ, ಉಪದೇಶ ಬೇಡ. ಹಿತ್ತಲ ಕಲ್ಲಿನ ಮೇಲೆ ಕೂತು ಅವಳ ತಲೆ ಬಾಚಿದರೂ ಸಾಕು.

ಕೂಗಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿದ್ದೆ, ರಕ್ತ ಸರಿಯಾದರೆ ಅದು ಎಷ್ಟೋ ಇಳಿಯುತ್ತದೆ. ಉಳಿದದ್ದಕ್ಕೆ ಮಕ್ಕಳ ಹತ್ತಿರ ಕ್ಷಮೆ ಕೇಳಿ. ಮನೆಗೆ ಬೇಕಾದ ಮೂರು ಮಾತು ಅಂತ ಪೋಪ್ ಫ್ರಾನ್ಸಿಸ್ ಮತ್ತೆ ಮತ್ತೆ ಹೇಳುತ್ತಿದ್ದರು: ಆಗಬಹುದಾ, ಉಪಕಾರ, ತಪ್ಪಾಯಿತು. ತಾಯಿ ಮೂರನೆಯದನ್ನು ಹೇಳಿದರೆ ಮಕ್ಕಳು ಮೊದಲು ಕಣ್ಣು ಬಿಡುತ್ತಾರೆ. ಆಮೇಲೆ ಅವರಿಗೂ ಅದು ಅಭ್ಯಾಸವಾಗುತ್ತದೆ.

ನಿಮ್ಮ ಯಜಮಾನರಿಗೂ ಒಂದು ಕೆಲಸ ಉಂಟು. ಇಲ್ಲಿ ರಾತ್ರಿ ಎಂಟಾದಾಗ ಕುವೈತಿನಲ್ಲಿ ಐದೂವರೆ. ಡ್ಯೂಟಿ ಇಲ್ಲದ ದಿನ ಅವರೇ ವೀಡಿಯೊ ಕಾಲಿನಲ್ಲಿ ಬಂದು ಮಕ್ಕಳಿಗೆ ಬೆಸಾಂವ್ ಕೊಡಲಿ, ಒಬ್ಬೊಬ್ಬರ ಹೆಸರು ಹಿಡಿದು. ಹಣ ಕಳಿಸುವುದು ಬಿಟ್ಟರೆ ಮನೆಯಲ್ಲಿ ತನಗೇನೂ ಜಾಗ ಇಲ್ಲ ಅಂತ ಅಂದುಕೊಂಡು ಕೊರಗುವ ಗಂಡಸರು ಗಲ್ಫಿನಲ್ಲಿ ಎಷ್ಟೋ ಇದ್ದಾರೆ, ನನ್ನ ಹತ್ತಿರ ಬಂದು ಹೇಳಿದ್ದಾರೆ.

ಇನ್ನು ಆರನೇ ಮಗುವಿನ ಮಾತು. ಇದನ್ನು ಅತ್ತೆಯವರು ತೀರ್ಮಾನ ಮಾಡುವುದಲ್ಲ, ನಾನೂ ಮಾಡುವುದಲ್ಲ. ನೀವು ಗಂಡ ಹೆಂಡತಿ ದೇವರ ಮುಂದೆ ಕೂತು ಮಾಡುವುದು. ಆದರೆ ಮಕ್ಕಳನ್ನು ಲೆಕ್ಕವಿಲ್ಲದೆ ಹೆರುವುದೇ ಧರ್ಮಸಭೆಯ ಬೋಧನೆ ಅನ್ನುವುದು ತಪ್ಪು. 1968ರಲ್ಲಿ ಪೋಪ್ ಆರನೇ ಪೌಲರು ಬರೆದ 'ಹುಮಾನೆ ವಿತೆ' ವಿಶ್ವಪತ್ರದಲ್ಲೇ ಜವಾಬ್ದಾರಿಯ ತಾಯ್ತಂದೆತನದ ಮಾತಿದೆ. ಆರೋಗ್ಯ, ಹಣಕಾಸು, ಮನಸ್ಸಿನ ಸ್ಥಿತಿ, ಸಮಾಜದ ಸ್ಥಿತಿ ಎಲ್ಲ ನೋಡಿ, ಗಂಭೀರ ಕಾರಣವಿದ್ದರೆ ಸದ್ಯಕ್ಕೋ ಕಾಲದ ಮಿತಿಯಿಲ್ಲದೆಯೋ ಇನ್ನೊಂದು ಮಗು ಬೇಡ ಅಂತ ದಂಪತಿ ನಿರ್ಧರಿಸಬಹುದು. ದಾರಿ ಮಾತ್ರ ನೈಸರ್ಗಿಕವಾಗಿರಬೇಕು, ಅಂದರೆ ಬಸಿರು ನಿಲ್ಲುವ ದಿನಗಳನ್ನು ಲೆಕ್ಕ ಹಾಕಿ ಆ ದಿನ ದೂರ ಇರಬೇಕು ಅನ್ನುತ್ತದೆ ಧರ್ಮಸಭೆ. 2015ರ ಜನವರಿಯಲ್ಲಿ ಮನಿಲಾದಿಂದ ವಾಪಸಾಗುವಾಗ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಒಳ್ಳೆಯ ಕಥೋಲಿಕರಾಗಲು ಮೊಲಗಳ ಹಾಗೆ ಇರಬೇಕಾಗಿಲ್ಲ ಅಂದದ್ದು ನೆನಪಿರಬಹುದು. ದೊಡ್ಡ ಕುಟುಂಬಗಳನ್ನು ಮನಸಾರೆ ಹೊಗಳಿದವರೂ ಅವರೇ.

ನರ್ಸ್ ಆಗಿ ಹೇಳುವುದಾದರೆ, ಒಂದು ಹೆರಿಗೆಯ ನಂತರ ಮುಂದಿನ ಬಸಿರಿಗೆ ಕಡಿಮೆಯೆಂದರೆ ಎರಡು ವರ್ಷ ಬಿಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಹೆತ್ತವರಿಗೆ ಹೆರಿಗೆಯ ಹೊತ್ತಿನ ರಕ್ತಸ್ರಾವದ ಅಪಾಯವೂ ಜಾಸ್ತಿ. ನಿಮಗೆ 37. ಹಾಗಾಗಿ ಯಜಮಾನರು ರಜೆಗೆ ಬರುವ ಮೊದಲೇ ಫೋನಿನಲ್ಲಿ ಮಾತಾಡಿ ಇಡಿ, ಬಂದ ಮೇಲೆ ಮಾತಾಡುವ ಅಂದರೆ ಆಗುವುದಿಲ್ಲ. ನೈಸರ್ಗಿಕ ಕ್ರಮವನ್ನು ಯಾರಿಂದಲೋ ಕೇಳಿ ಅರ್ಧಂಬರ್ಧ ಮಾಡಬೇಡಿ. ಎದೆಹಾಲು ಕೊಡುವಾಗ ಲೆಕ್ಕ ತಪ್ಪುವುದು ಸುಲಭ. ಹೆರಿಗೆ ಡಾಕ್ಟರರ ಹತ್ತಿರವೂ, ನೀವು ನಂಬುವ ಫಾದರ್ ಹತ್ತಿರವೂ ಕೂತು ಕೇಳಿ.

ಪತ್ರದಲ್ಲಿ ಒಂದು ಸಾಲು ನೀವು ಬರೆದು ಹೊಡೆದು ಹಾಕಿದ್ದೀರಿ. ಬಸ್ಸಿನಲ್ಲಿ ಯಾರೋ 'ಎಲ್ಲ ನಿಮ್ಮದೇನಾ?' ಅಂತ ಕೇಳಿದರು ಅಂತ. ನನಗೆ ಓದಲಿಕ್ಕಾಯಿತು. ನಮ್ಮ ಅಮ್ಮನನ್ನೂ ಕೇಳುತ್ತಿದ್ದರು. ಅವಳು 'ಎಣಿಸಿ ನೋಡಿ, ಒಂದು ಕಡಿಮೆ ಇದ್ದರೆ ಹೇಳಿ' ಅನ್ನುತ್ತಿದ್ದಳು.

ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ತಿಳಿಸಿ. ಬುಧವಾರ ಎರಡು ಗಂಟೆಗೆ ಯಾರು ಬಂದರು ಅಂತಲೂ ಬರೆಯಿರಿ.